ಗೋಡೆಗೆ ಕಾಡಿಗೆ

ಬೆಳಗಿನ ಏಳು ಗಂಟೆಗೆ ಕೆಳಗಿನ ಕೋಣೆಯ ಗೋಡೆಯಿಂದ ಒಂದು ಇಟ್ಟಿಗೆ ಬಿತ್ತು. ಅದು ಕರಿ ಇಟ್ಟಿಗೆ. ಮೀನಿನ ಪೀಪಾಯಿಯ ಮುಚ್ಚಳದ ಮೇಲೆ ಬಿದ್ದು ಎರಡು ಹೋಳಾಯಿತು. ಮಹಡಿಯ ಅಡುಗೆಮನೆಯಲ್ಲಿ ಬೆಂದ ಫೂಲ್ ಕಾಳಿಗೆ ಎಣ್ಣೆ ಹಾಕುತ್ತಿದ್ದ ಬಹಿಯಾ ಸದ್ದು ಕೇಳಿ ಇಳಿದು ಬರುವಷ್ಟರಲ್ಲಿ ಅವಳ ಅತ್ತೆ ಇನ್ಶಿರಾ ಹೋಳುಗಳನ್ನು ಮಡಿಲಿಗೆ ಹಾಕಿಕೊಂಡು, ಬಿದ್ದ ಜಾಗಕ್ಕೆ ಗೋಣಿಚೂರು ತುರುಕಿ ನಿಂತಿದ್ದಳು.

"ಏನು ಬಿತ್ತು ಅತ್ತೆ?"

"ಏನಿಲ್ಲ. ಬೆಕ್ಕು."

ಬಹಿಯಾ ಗೋಣಿಯನ್ನು ಎಳೆದಳು. ಸಂದಿನೊಳಗೆ ಬೆರಳಿಟ್ಟರೆ ಹಳೆಯ ಗಾರೆ ಹಿಟ್ಟಿನ ಹಾಗೆ ಸುರಿಯಿತು. ಒಂದು ಸಂದು ಮಾತ್ರವಲ್ಲ, ಮೊಣಕಾಲಿನಿಂದ ಎದೆಯ ಎತ್ತರದವರೆಗೆ ಎಲ್ಲವೂ ಹಾಗೆಯೇ ಇತ್ತು. ಅವಳು ಫುವ್ವಾ ಊರಿನ ಗಾರೆ ಮೇಸ್ತ್ರಿಯ ಮಗಳು. ಇಟ್ಟಿಗೆ ಪುಡಿ ಜರಡಿ ಹಿಡಿದೇ ಬೆಳೆದವಳು. ಅತ್ತೆಯ ಮುಖ ನೋಡಿದಳು, ಗೋಣಿಯನ್ನು ಇದ್ದಲ್ಲಿಗೇ ತುರುಕಿದಳು.

ನದಿ ಸಮುದ್ರ ಸೇರುವ ರಶೀದ್ ಊರಿನ ಮೀನುಪೇಟೆಯ ಹಿಂದಿನ ಓಣಿಯಲ್ಲಿ ಆ ಮನೆ. ಕೆಳಗೆ ಒಂದೇ ದೊಡ್ಡ ಕೋಣೆ. ಅದರಲ್ಲಿ ಇನ್ಶಿರಾಳ ಪೀಪಾಯಿಗಳು. ಗಂಡ ಸತ್ತ ಮೇಲೆ ಅವಳು ಬೂರಿ ಮೀನನ್ನು ಉಪ್ಪಿನಲ್ಲಿ ಹಣ್ಣು ಮಾಡಿ ವಸಂತದ ಹಬ್ಬಕ್ಕೆ ಮಾರಿ ಮನೆ ನಡೆಸಿದವಳು. ಮಹಡಿಯಲ್ಲಿ ಹಿರಿಮಗ ಶಲಬಿಯ ಸಂಸಾರಕ್ಕೆ ಎರಡು ಕೋಣೆ. ಹಿಂದಿನದರಲ್ಲಿ ಶಲಬಿ ಮತ್ತು ಬಹಿಯಾ, ಮುಂದಿನದರಲ್ಲಿ ಅವರ ಮಕ್ಕಳು ಸಮಾಹ್, ನವಾಲ್. ಮೆಟ್ಟಿಲ ಪಕ್ಕದ ಕಿರುಕೋಣೆ ಇನ್ಶಿರಾಳದು. ಕಿರಿಮಗ ರಮ್ಝಿ ನಡುಮನೆಯ ಬೆಂಚಿನ ಮೇಲೆ ಮಲಗುತ್ತಿದ್ದ.

ರಮ್ಝಿಗೆ ದೋಣಿ ಕಟ್ಟುವ ಹಾಜಿ ಖಮೀಸನ ಮಗಳು ವಿಸಾಮ್ ಜೊತೆ ನಿಶ್ಚಯವಾಗಿ ನಾಲ್ಕು ವರ್ಷವಾಗಿತ್ತು. ಆ ಚಳಿಗಾಲದಲ್ಲಿ ಖಮೀಸ್ ಹೇಳಿಕಳಿಸಿದ್ದ. ಹಬ್ಬದ ಹಿಂದಿನ ಶುಕ್ರವಾರ ಬರುತ್ತೇನೆ, ಮಗಳು ಬಾಳುವ ಕೋಣೆ ತೋರಿಸಿ. ಕೋಣೆ ಇದ್ದರೆ ಮದುವೆಗೆ ದಿನ ಗೊತ್ತುಮಾಡೋಣ, ಇಲ್ಲದಿದ್ದರೆ ನಿಶ್ಚಯಕ್ಕೆ ಕೊಟ್ಟ ನಿಮ್ಮ ಚಿನ್ನ ವಾಪಸು ತೆಗೆದುಕೊಳ್ಳಿ. ಇನ್ಶಿರಾ ಆಗಲೇ ಲೆಕ್ಕ ಹಾಕಿದ್ದಳು. ಕೆಳಗಿನ ಕೋಣೆಗೆ ಅಡ್ಡ ಹಲಗೆ ಹಾಕಿಸಿದರೆ ಮುಂದಿನ ಅರ್ಧ ಮಗ ಸೊಸೆಗೆ, ಹಿಂದಿನ ಅರ್ಧ ಪೀಪಾಯಿಗೆ. ಅದು ಆಗದಿದ್ದರೆ ಏನು ಎಂಬುದನ್ನೂ ಒಂದು ದಿನ ಊಟದ ನಡುವೆ, ಮೂಲಂಗಿ ಈ ಕಡೆ ಕೊಡು ಎನ್ನುವ ದನಿಯಲ್ಲಿ ಹೇಳಿದ್ದಳು.

"ಕೆಳಗಿನದು ಆಗ್ಲಿಲ್ಲ ಅಂದ್ರೆ ಮೇಲಿನ ಮುಂದಿನ ಕೋಣೆ ರಮ್ಝಿಗೆ. ಹುಡುಗೀರು ಅಡುಗೆಮನೇಲಿ ಮಲಗ್ತಾರೆ. ಅಡುಗೆಮನೆ ಬೆಚ್ಚಗಿರುತ್ತೆ."

ಸಮಾಹ್‌ಗೆ ಹದಿನೇಳು. ಅವಳು ಪರೀಕ್ಷೆಗೆ ಓದುವುದು ಆ ಕೋಣೆಯಲ್ಲಿ. ಬಹಿಯಾ ಅಂದಿನಿಂದ ಕೆಳಗಿನ ಗೋಡೆಯನ್ನು ದಿನಕ್ಕೊಮ್ಮೆ ಮುಟ್ಟಿ ನೋಡುತ್ತಿದ್ದಳು.

ಇಟ್ಟಿಗೆ ಬಿದ್ದ ದಿನ ಮಧ್ಯಾಹ್ನ ಎಲ್ಲರೂ ಊಟಕ್ಕೆ ಕೂತಾಗ ಮಾತು ಗೋಡೆಗೆ ಬಂತು. ಐಸ್ ಕಾರ್ಖಾನೆಯಿಂದ ಬಂದಿದ್ದ ಶಲಬಿ ಬೇಳೆಸಾರಿಗೆ ರೊಟ್ಟಿ ಮುರಿಯುತ್ತ, ಸಂದು ತುಂಬುವುದು ಏನು ಮಹಾ, ಒಂದು ಮೂಟೆ ಸಿಮೆಂಟು ತಂದರಾಯಿತು ಎಂದ. ಬಹಿಯಾ ಸುಣ್ಣ ಎಂದಳು. ಸುಣ್ಣ, ನದಿ ಮರಳು, ಇಟ್ಟಿಗೆ ಪುಡಿ, ಒಲೆಯ ಬೂದಿ. ಅತ್ತೆ ತನ್ನ ಕಡೆಗೇ ಬರುತ್ತಾಳೆ ಎಂದು ಅವಳು ಎಣಿಸಿದ್ದಳು. ನನ್ನ ಗಂಡನ ಮನೆಯಲ್ಲಿ ಒಂದು ಹಿಡಿ ಸಿಮೆಂಟಿಲ್ಲ ಎಂದು ಓಣಿಯ ಹೆಂಗಸರ ಮುಂದೆ ಹೇಳಿಕೊಂಡು ಬಂದವಳು ಇನ್ಶಿರಾ.

"ಸಿಮೆಂಟೇ ಆಗ್ಲಿ," ಎಂದಳು ಇನ್ಶಿರಾ.

ರಮ್ಝಿ ಕೂಡ ತಲೆಯೆತ್ತಿ ನೋಡಿದ.

"ಸುಣ್ಣ ಬಲಿಯೋಕೆ ತಿಂಗಳುಗಟ್ಟಲೆ ಬೇಕು. ಹಾಜಿ ಖಮೀಸ್ ಹಸಿ ಗಾರೆ ನೋಡೋಕೆ ಬರ್ತಾನಾ?"

"ಸುಣ್ಣ ಉಸಿರಾಡುತ್ತೆ, ಸಿಮೆಂಟು ನಮ್ಮ ಇಟ್ಟಿಗೆಗಿಂತ ಗಟ್ಟಿ ಅತ್ತೆ," ಎಂದಳು ಬಹಿಯಾ. "ಗೋಡೆ ಒಳಗಿನ ನೀರಿಗೆ ಸಂದಲ್ಲಿ ದಾರಿ ಸಿಗ್ದಿದ್ರೆ ಇಟ್ಟಿಗೆಯಿಂದ ಬರುತ್ತೆ. ಬರೋವಾಗ ಇಟ್ಟಿಗೇನ ತಿನ್ಕೊಂಡೇ ಬರುತ್ತೆ."

"ಯಾವ ನೀರು? ಗೋಡೆ ಒಳಗೆ ಯಾವ ನೀರು?"

ನೀರು ಎನ್ನುವವರೆಗೆ ತೊಂದರೆಯಿರಲಿಲ್ಲ. ಅದರ ಮುಂದಿನ ಮಾತು ಉಪ್ಪು. ಪೀಪಾಯಿಯ ತಳದಿಂದ ಉಪ್ಪುನೀರು ಇಳಿದು ನೆಲ ಕುಡಿದು ಗೋಡೆ ಹತ್ತುತ್ತಿದೆ ಎಂಬುದು ಆ ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಆದರೆ ಅದೇ ಉಪ್ಪಿನಲ್ಲಿ ಶಲಬಿಯ ಮದುವೆಯಾಗಿತ್ತು, ಅವನ ಬೆನ್ನಿನ ಶಸ್ತ್ರಚಿಕಿತ್ಸೆಯಾಗಿತ್ತು, ಹುಡುಗಿಯರ ಶಾಲೆ ನಡೆಯುತ್ತಿತ್ತು. ಅದನ್ನು ಯಾರೂ ಹೆಸರು ಹಿಡಿದು ದೂರುತ್ತಿರಲಿಲ್ಲ.

"ಅಜ್ಜಿ, ನಾನು ಸೌತೆಕಾಯಿ ಆ ಗೋಡೆಗೆ ಉಜ್ಜಿಯೇ ತಿನ್ನೋದು," ಎಂದಳು ಒಂಬತ್ತು ವರ್ಷದ ನವಾಲ್. "ಬೇರೆ ಉಪ್ಪೇ ಬೇಡ."

ಬಹಿಯಾ ಮಗಳ ತೊಡೆ ಚಿವುಟಿದಳು. ಇನ್ಶಿರಾ ತಟ್ಟೆ ಎತ್ತಿಕೊಂಡು ಎದ್ದಳು.

ಮರುದಿನ ಬಹಿಯಾ ಪೇಟೆಯಿಂದ ಸುಣ್ಣದ ಕಲ್ಲು ತಂದು ಮೆಟ್ಟಿಲ ಕೆಳಗಿನ ಡಬ್ಬದಲ್ಲಿ ಹಾಕಿ ನೀರು ಹೊಯ್ದಳು. ಅದು ಕೊತಕೊತ ಕುದಿದು ಮೆಟ್ಟಿಲ ತುಂಬ ಹಬೆ ಏರಿತು. ಅನ್ನ ಬೇಯಿಸಲು ಹೊತ್ತಿಲ್ಲದವಳಿಗೆ ಸುಣ್ಣ ಬೇಯಿಸಲು ಹೊತ್ತಿದೆ ಎಂದು ಇನ್ಶಿರಾ ಮೇಲಿನಿಂದ ಕೇಳುವ ಹಾಗೆ ಹೇಳಿದಳು. ಮಾಳಿಗೆಯ ಪಾರಿವಾಳದ ಗೂಡಿಗೆ ಬಳಿಯಲು ಎಂದು ಬಹಿಯಾ ಉತ್ತರ ಕೊಟ್ಟು, ಸುಣ್ಣದ ಮೇಲೆ ನೀರು ನಿಲ್ಲಿಸಿ ಮುಚ್ಚಳ ಹಾಕಿದಳು.

ರಮ್ಝಿ ಆ ವಾರವೇ ಸಿಮೆಂಟು ಕಲಸಿದ. ಹಳೆಯ ಗಾರೆ ಕೆರೆದು, ಸಂದನ್ನೂ ಇಟ್ಟಿಗೆ ಬಿದ್ದ ಜಾಗವನ್ನೂ ತುಂಬಿ, ಕಬ್ಬಿಣದ ಸರಳಿನಿಂದ ಗೆರೆ ಎಳೆದ. ಎರಡು ದಿನದಲ್ಲಿ ಕೆಲಸ ಮುಗಿಯಿತು. ನೋಡಲು ಚೆಂದವಾಗಿಯೇ ಇತ್ತು. ಕೆಂಪು, ಕಪ್ಪು ಇಟ್ಟಿಗೆಗಳ ಸುತ್ತ ನೇರವಾದ ಬೂದು ಗೆರೆ. ಇಟ್ಟಿಗೆಯ ಸಂದು ತುಂಬುವುದಕ್ಕೆ ಆ ಸೀಮೆಯಲ್ಲಿ ಕಾಡಿಗೆ ಹಚ್ಚುವುದು ಎಂದೇ ಹೆಸರು. ಪಕ್ಕದ ಮನೆಯ ಹೆಂಗಸರು ಬಂದು ನೋಡಿ, ಗೋಡೆ ಮದುಮಗಳ ಕಣ್ಣಿನ ಹಾಗಾಗಿದೆ ಎಂದರು. ಇನ್ಶಿರಾ ಅವರಿಗೆಲ್ಲ ಚಹಾ ಕೊಟ್ಟಳು. ಸಂಜೆ ಸೊಸೆಯ ಎದುರು ಗೋಡೆಯನ್ನು ಅಂಗೈಯಿಂದ ತಟ್ಟಿ ತೋರಿಸಿದಳು.

"ನೋಡು. ಎಲ್ಲಿದೆ ನಿನ್ನ ನೀರು?"

"ದೇವರು ಹೀಗೇ ಇಟ್ಟಿರ್ಲಿ ಅತ್ತೆ," ಎಂದಳು ಬಹಿಯಾ.

ಫೆಬ್ರವರಿ ಕಳೆಯಿತು, ಮಾರ್ಚ್ ಕಳೆಯಿತು. ಹಲಗೆಯ ಅಡ್ಡಗೋಡೆ ಎದ್ದಿತು. ಹಬ್ಬದ ಮೀನು ಪೀಪಾಯಿಗೆ ಇಳಿಯಿತು. ಇನ್ಶಿರಾ ಪ್ರತಿ ಪದರಕ್ಕೂ ಕೈಯಾರೆ ಉಪ್ಪು ಹಾಕಿದಳು. ಬಹಿಯಾ ಮೀನಿನ ಕಿವಿರಿಗೆ ಉಪ್ಪು ತುಂಬಿ ಕೊಟ್ಟಳು. ಇಬ್ಬರೂ ಕೆಲಸಕ್ಕೆ ಬೇಕಾದಷ್ಟು ಮಾತ್ರ ಮಾತಾಡಿದರು. ಒಂದು ದಿನ ಬಹಿಯಾ ಪೇಟೆಯಿಂದ ಬಂದಾಗ ಅತ್ತೆ ಹುಡುಗಿಯರ ಕೋಣೆಯಲ್ಲಿ ದಾರ ಹಿಡಿದು ಅಗಲ ಅಳೆಯುತ್ತಿದ್ದಳು. ಮಂಚ ಎಷ್ಟು ಉದ್ದ ಬರುತ್ತದೆ ಎಂದು ನೋಡುತ್ತಿದ್ದೇನೆ, ಅಷ್ಟೇ ಎಂದಳು.

ಬಹಿಯಾ ಗಂಡನನ್ನು ಅಡುಗೆಮನೆಗೆ ಕರೆದು ಬಾಗಿಲು ಮುಂದೆ ಮಾಡಿದಳು.

"ರಮ್ಝಿ ಕಣ್ಣಿಗೆ ಬೆಣ್ಣೆ, ನನ್ನ ಮಕ್ಕಳ ಕಣ್ಣಿಗೆ ಸುಣ್ಣ. ನೀವು ಒಂದು ಮಾತು ಹೇಳಲ್ವಾ?"

"ಗೋಡೆ ನಿಂತಿದೆಯಲ್ಲೇ. ಇನ್ನೇನು ಹೇಳ್ಲಿ?" ಎಂದ ಶಲಬಿ. "ಅಮ್ಮ ಅಳತೆ ತಗೊಂಡ್ರೆ ಕೋಣೆ ಕಿತ್ಕೊಂಡ ಹಾಗಾಯ್ತಾ?"

ಏಪ್ರಿಲ್‌ನಲ್ಲಿ ಮರಳುಗಾಡಿನ ಬಿಸಿಗಾಳಿ ಬೀಸಿತು. ಎರಡು ದಿನ ಓಣಿಯಲ್ಲಿ ಎದುರಿನ ಮನೆ ಕಾಣಲಿಲ್ಲ. ಹೆಂಗಸರು ಕಿಟಕಿ ಸಂದಿಗೆ ಒದ್ದೆ ಬಟ್ಟೆ ತುರುಕಿ ಒಳಗೇ ಕೂತರು. ಗಾಳಿ ನಿಂತ ಬೆಳಿಗ್ಗೆ ನವಾಲ್ ಕೆಳಗಿನಿಂದ ಕೂಗಿದಳು. ಗೋಡೆಯ ಬುಡದಲ್ಲಿ ಕೆಂಪು ಪುಡಿ ರಾಶಿಯಾಗಿ ಬಿದ್ದಿತ್ತು. ಒಣಗಾಳಿ ಗೋಡೆಯ ಒಳಗಿನ ತೇವವನ್ನು ಹೊರಗೆಳೆದಿತ್ತು. ಸಿಮೆಂಟಿನ ಸಂದು ಬಿಡದ್ದರಿಂದ ಅದು ಇಟ್ಟಿಗೆಯಿಂದಲೇ ಹೊರಟು, ಉಪ್ಪು ಹೊರಮೈಯಲ್ಲಿ ಹರಳುಗಟ್ಟಿ, ಇಟ್ಟಿಗೆಯ ಮುಖವನ್ನೇ ಹಪ್ಪಳದ ಹಾಗೆ ಎಬ್ಬಿಸಿತ್ತು. ಕೆಂಪು ಇಟ್ಟಿಗೆಗಳು ಒಳಗೆ ಗುಳಿ ಬಿದ್ದಿದ್ದವು. ನಡುವೆ ಸಿಮೆಂಟಿನ ಗೆರೆಗಳು ಮಾತ್ರ, ತಿಂದು ಬಿಟ್ಟ ಮೀನಿನ ಮುಳ್ಳಿನ ಹಾಗೆ, ಹೊರಗೆ ಚಾಚಿಕೊಂಡಿದ್ದವು.

"ಕಾಡಿಗೆ ಹಚ್ಚೋಕೆ ಹೋಗಿ ಕಣ್ಣೇ ತೆಗೆದ್ರು ಅಂತ ಗಾದೆ," ಎಂದ ಶಲಬಿ. ರಮ್ಝಿ ಕೈಯಲ್ಲಿದ್ದ ಚಹಾದ ಲೋಟವನ್ನು ಗೋಡೆಗೆ ಎಸೆದ.

ಖಮೀಸ್ ಬರುವ ಶುಕ್ರವಾರಕ್ಕೆ ಇನ್ನು ಹೆಚ್ಚು ದಿನ ಉಳಿದಿರಲಿಲ್ಲ. ರಮ್ಝಿ ತಾಯಿಯ ಮೇಲೆ ಹರಿಹಾಯ್ದ. ಸಿಮೆಂಟು ಎಂದವಳು ನೀನೇ ಎಂದ. ತಾಯಿ ಸೊಸೆಯತ್ತ ತಿರುಗಿದಳು. ಒಳ್ಳೆಯ ಕೆಲಸಕ್ಕೆ ಮೊದಲ ದಿನವೇ ಅಪಶಕುನ ನುಡಿದವಳು ಇವಳು, ನನ್ನ ಮಗನ ಮನೆ ಏಳದಿರಲಿ ಎಂದು ಕಣ್ಣು ಹಾಕಿದವಳು ಇವಳು ಎಂದಳು. ಬಹಿಯಾ ಪೊರಕೆ ಹಿಡಿದು ಕೆಂಪು ಪುಡಿ ಗುಡಿಸುತ್ತಲೇ ಇದ್ದಳು.

"ಈ ಮನೆ ಉಪ್ಪು ತಿಂದವಳು ನೀನು," ಎಂದಳು ಇನ್ಶಿರಾ.

ಬಹಿಯಾ ಪೊರಕೆ ನಿಲ್ಲಿಸಿದಳು.

"ನಾನೂ ತಿಂದೆ ಅತ್ತೆ. ಗೋಡೇನೂ ತಿಂತು."

ಆ ಮಾತು ಆಡಿಯಾಗಿತ್ತು. ಶಲಬಿ ಹೆಂಡತಿಯ ತೋಳು ಹಿಡಿದು ಮೆಟ್ಟಿಲ ಕಡೆ ತಳ್ಳಿದ. ಆ ದಿನ ಇನ್ಶಿರಾ ಊಟಕ್ಕೆ ಮೇಲೆ ಬರಲಿಲ್ಲ. ಸಮಾಹ್ ತಟ್ಟೆ ತೆಗೆದುಕೊಂಡು ಹೋದಾಗ ಅವಳು ಹಲಗೆಯ ಹಿಂದೆ, ಪೀಪಾಯಿಗಳ ನಡುವೆ ಮಣೆ ಹಾಕಿಕೊಂಡು ಕೂತಿದ್ದಳು. ಅಲ್ಲಿ ಇಡು ಎಂದಳಂತೆ, ಅಷ್ಟೇ.

ಮರುದಿನ ಬೆಳಿಗ್ಗೆ ಬಹಿಯಾ ರೊಟ್ಟಿ ತರಲು ಇಳಿದಾಗ ಮೆಟ್ಟಿಲ ಕೆಳಗಿನ ಡಬ್ಬ ಹೊರಗೆ ಬಂದಿತ್ತು. ಅತ್ತೆ ಅದರ ಮುಂದೆ ಕುಕ್ಕರಗಾಲಲ್ಲಿ ಕೂತು ಸುಣ್ಣದೊಳಗೆ ಬೆರಳಾಡಿಸುತ್ತಿದ್ದಳು. ವಾರಗಟ್ಟಲೆ ನೀರಿನ ಕೆಳಗೆ ಕೂತ ಸುಣ್ಣ ಬೆಣ್ಣೆಯಂತಾಗಿತ್ತು.

"ಪಾರಿವಾಳಕ್ಕೆ ಇಷ್ಟು ಬೇಕೇನೇ?"

"ದೊಡ್ಡ ಗೂಡು ಅತ್ತೆ."

"ಮರಳು ಎಲ್ಲಿಂದ ತರಿಸ್ತೀಯ?"

"ಫುವ್ವಾ ಕಡೆಯದು. ಇಲ್ಲಿ ನದೀಲಿ ಸಮುದ್ರದ ನೀರು ಸೇರಿರುತ್ತೆ."

ಇನ್ಶಿರಾ ತಲೆಯಾಡಿಸಿದಳು. ತಿರುಗಿ ಒಳಗೆ ಹೋಗಿ, ಅಂದು ಮಡಿಲಿಗೆ ಹಾಕಿಕೊಂಡಿದ್ದ ಕರಿ ಇಟ್ಟಿಗೆಯ ಎರಡು ಹೋಳುಗಳನ್ನು ತಂದು ಒರಳಿನ ಪಕ್ಕ ಇಟ್ಟಳು. ಕುಟ್ಟು, ಪುಡಿಗೆ ಆಗುತ್ತದೆ ಎಂದಳು. ಬಹಿಯಾ ಆಗುವುದಿಲ್ಲ ಎಂದಳು. ಕರಿ ಇಟ್ಟಿಗೆ ಹೆಚ್ಚು ಸುಟ್ಟು ಗಾಜಿನಂತಾಗಿರುತ್ತದೆ, ಅದರ ಪುಡಿ ಸುಣ್ಣವನ್ನು ಹಿಡಿಯುವುದಿಲ್ಲ. ಕಡಿಮೆ ಸುಟ್ಟ ಕೆಂಪಿನದೇ ಬೇಕು. ಅತ್ತೆ ವಾದಿಸಲಿಲ್ಲ. ಹೋಳುಗಳನ್ನು ಎತ್ತಿ ಒರೆಸಿ ಕಿಟಕಿಯಲ್ಲಿಟ್ಟಳು.

ರಮ್ಝಿ ಉಳಿ ಹಿಡಿದು ಸಿಮೆಂಟು ಕಿತ್ತ. ಅದು ಬಿಡಲೊಲ್ಲದೆ ಇಟ್ಟಿಗೆಯ ಅಂಚುಗಳನ್ನೂ ಕಿತ್ತುಕೊಂಡು ಬಂತು. ಒಂದೊಂದು ಅಂಚು ಮುರಿದಾಗಲೂ ಅವನು ಬೈದ. ಯಾರನ್ನು ಬೈದನೆಂದು ಯಾರೂ ಕೇಳಲಿಲ್ಲ. ಹೆಂಗಸರಿಬ್ಬರೂ ಅಂಗಳದಲ್ಲಿ ಗಾರೆ ಕಲಸಿದರು. ಒಂದು ಪಾಲು ಸುಣ್ಣಕ್ಕೆ ಎರಡು ಪಾಲು ಮರಳು, ಒಂದು ಪಾಲು ಕೆಂಪು ಪುಡಿ. ಬೂದಿಯ ವಿಷಯಕ್ಕೆ ಜಗಳವಾಯಿತು. ಬಹಿಯಾಳ ತಂದೆ ಒಂದು ಹಿಡಿಗಿಂತ ಹೆಚ್ಚು ಹಾಕುತ್ತಿರಲಿಲ್ಲ. ಇನ್ಶಿರಾ ಬತ್ತದ ಹುಲ್ಲು ಸುಟ್ಟ ಬೂದಿಯನ್ನು ಎರಡು ಸಲ ಸೋಸಿ ತಂದಿದ್ದಳು, ನನ್ನ ಗಂಡ ಮೂರು ಹಿಡಿ ಹಾಕುತ್ತಿದ್ದ, ನದಿಯಂಚಿನ ಮನೆಗೆ ಮೂರು ಬೇಕು ಎಂದಳು. ಕೊನೆಗೆ ಎರಡು ಬಿತ್ತು. ನೀರನ್ನು ಬಹಿಯಾ ಕೈಯಲ್ಲಿ ಚಿಮುಕಿಸಿದಳು. ಉಂಡೆ ಕಟ್ಟಿದರೆ ನಿಲ್ಲಬೇಕು, ಅಂಗೈ ಒದ್ದೆಯಾಗಬಾರದು. ಕರಣೆಯನ್ನು ಬೋರಲು ಮಾಡಿದರೆ ಗಾರೆ ಒಂದು ಗಳಿಗೆ ಯೋಚಿಸಿ ಬೀಳಬೇಕು. ಅವಳ ತಂದೆ ಹಾಗೆ ಹೇಳುತ್ತಿದ್ದ.

ಸಂದುಗಳಿಗೆ ನೀರು ಕುಡಿಸಿ, ಗಾರೆಯನ್ನು ಸವರದೆ ಒಳಕ್ಕೆ ಒತ್ತಿ ಒತ್ತಿ ತುಂಬಿದರು. ಕರಿ ಇಟ್ಟಿಗೆಯ ಎರಡು ಹೋಳನ್ನೂ ಗಾರೆ ಹಚ್ಚಿ ಕೂಡಿಸಿ ಇನ್ಶಿರಾಳೇ ಅದರ ಜಾಗಕ್ಕೆ ಕೂರಿಸಿದಳು. ಮೇಲೆ ಒದ್ದೆ ಗೋಣಿ ಇಳಿಬಿಟ್ಟರು. ಗೋಣಿ ಆರದಂತೆ ನೋಡಿಕೊಳ್ಳುವ ಕೆಲಸ ಸಮಾಹ್‌ಳದಾಯಿತು. ಪುಸ್ತಕ ಹಿಡಿದು ಇಳಿದು ಬಂದು ನೀರು ಚಿಮುಕಿಸಿ ಹೋಗುತ್ತಿದ್ದಳು.

ಗೋಡೆಯ ಬುಡದ ಸಾಲು ತುಂಬುವಾಗ ಹಲಗೆಯ ಕೆಳಗಿನಿಂದ ಸಣ್ಣಗೆ ಉಪ್ಪುನೀರು ಜಿನುಗುತ್ತಿದ್ದುದು ಇಬ್ಬರಿಗೂ ಕಂಡಿತು. ಬಹಿಯಾ ಬಾಯಿ ತೆರೆಯುವ ಮೊದಲೇ ಇನ್ಶಿರಾ ಕರಣೆ ಕೆಳಗಿಟ್ಟಳು.

"ಶುಕ್ರವಾರ ನೀನು ಬಾಯಿ ಮುಚ್ಕೊಂಡಿರು. ಅವರು ನೋಡಿ ಹೋಗ್ಲಿ. ಮೇಲಿನ ಕೋಣೆ ನಿನ್ನದೇ, ನಾನು ಇನ್ನೊಂದ್ಸಲ ಅದರ ಸುದ್ದಿ ಎತ್ತಲ್ಲ."

"ಆಮೇಲೆ ಈ ಗೋಡೆ?"

"ಆಮೇಲಿಂದು ಆಮೇಲೆ. ಸುಣ್ಣ ಅಲ್ವಾ, ಉಸಿರಾಡುತ್ತೆ ಅಂದ್ಯಲ್ಲ. ಆಡ್ಕೊಂಡಿರ್ಲಿ."

ಬಹಿಯಾ ಮುಂದಿನ ಸಂದು ತುಂಬತೊಡಗಿದಳು. ಆಗಲಿ ಎಂದೇ ಅತ್ತೆ ತಿಳಿದಳು. ಬಹಿಯಾ ಕೂಡ ಹಾಗೆಯೇ ತಿಳಿದಿದ್ದಳು.

ಶುಕ್ರವಾರ ನಮಾಜು ಮುಗಿಸಿ ಹಾಜಿ ಖಮೀಸ್ ಬಂದ. ಜೊತೆಗೆ ವಿಸಾಮ್. ಈರುಳ್ಳಿ ಕಂದಿಸಿ ಬೇಯಿಸಿದ ಅನ್ನ, ಹುರಿದ ಮೀನು, ಒಂದು ಬಾತುಕೋಳಿ. ಖಮೀಸ್ ಚೆನ್ನಾಗಿ ಉಂಡ, ಕಡಿಮೆ ಮಾತಾಡಿದ. ಅವನ ಹೆಬ್ಬೆರಳು ದೋಣಿಯ ಹಲಗೆಗಳ ಸಂದಿಗೆ ಎಣ್ಣೆಹತ್ತಿ ಒತ್ತಿ ಒತ್ತಿ ಚಪ್ಪಟೆಯಾಗಿತ್ತು. ಊಟವಾದ ಮೇಲೆ ಎಲ್ಲರೂ ಕೆಳಗಿಳಿದರು.

ಕೋಣೆ ಗುಡಿಸಿ ಚಾಪೆ ಹಾಸಿತ್ತು. ಗೋಣಿ ತೆಗೆದಿದ್ದರು. ಇಟ್ಟಿಗೆಗಳು ಗುಳಿ ಬಿದ್ದಿದ್ದರೂ ಬೆಳ್ಳಗಿನ ಸಂದುಗಳು ತುಂಬಿ ನಿಂತಿದ್ದವು. ಖಮೀಸ್ ಉಗುರಿನಿಂದ ಒಂದು ಸಂದಿನುದ್ದಕ್ಕೂ ಎಳೆದ. ಸಣ್ಣ ಗೀರು ಬಿತ್ತು.

"ಯಾರು ಕಲಸಿದ್ದು, ಉಮ್ಮ್ ಶಲಬಿ?" ಎಂದು ಶಲಬಿಯ ತಾಯಿಯನ್ನು ಕೇಳಿದ.

"ನನ್ನ ಸೊಸೆ. ಫುವ್ವಾ ಮೇಸ್ತ್ರಿ ಮಗಳು," ಎಂದಳು ಇನ್ಶಿರಾ. ಆ ದನಿಯಲ್ಲಿ ಹೆಮ್ಮೆಯಿತ್ತು. ಅದು ನಟನೆಯಲ್ಲ.

ಖಮೀಸ್ ಬಗ್ಗಿ ಬುಡದ ಇಟ್ಟಿಗೆಯ ಮೇಲೆ ಹೆಬ್ಬೆರಳು ಒತ್ತಿ, ಅದನ್ನು ನಾಲಿಗೆಗೆ ಮುಟ್ಟಿಸಿದ. ಹಲಗೆಯ ಅಡ್ಡಗೋಡೆಯನ್ನು ನೋಡಿದ. ಅತ್ತಲಿನ ವಾಸನೆ ಅಡಗುವಂಥದ್ದಲ್ಲ. ಇನ್ಶಿರಾಳನ್ನು ಏನೂ ಕೇಳಲಿಲ್ಲ.

"ಇದು ಯಾವಾಗ ಒಣಗುತ್ತೆ ಮಗಳೇ?" ಎಂದು ಬಹಿಯಾಳನ್ನು ಕೇಳಿದ.

ರಮ್ಝಿ ಅತ್ತಿಗೆಯನ್ನು ನೋಡಿದ. ಇನ್ಶಿರಾ ನೋಡಲಿಲ್ಲ, ಅವಳಿಗೆ ನೋಡುವ ಅಗತ್ಯವಿರಲಿಲ್ಲ. ವಿಸಾಮ್ ಮಂಚ ಎಲ್ಲಿ ಬರುತ್ತದೆಂದು ಮನಸ್ಸಿನಲ್ಲೇ ಗುರುತು ಮಾಡುತ್ತ ಗೋಡೆಗೆ ಬೆನ್ನು ತಾಗಿಸಿ ನಿಂತಿದ್ದಳು. ಸರಿದಾಗ ಅವಳ ನೀಲಿ ಉಡುಪಿನ ಬೆನ್ನಿನಲ್ಲಿ ಬಿಳಿ ಪುಡಿ ಅಂಟಿತ್ತು.

"ಹಿಂದೆ ಪೀಪಾಯಿ ಇರೋವರೆಗೂ ಒಣಗಲ್ಲ ಹಾಜಿ," ಎಂದಳು ಬಹಿಯಾ.

"ಅತ್ತಿಗೆ," ಎಂದ ರಮ್ಝಿ.

"ಗಾರೆ ಸರಿಯಾಗಿದೆ. ಇಟ್ಟಿಗೆ ಇನ್ನು ಉದುರಲ್ಲ. ಆದ್ರೆ ಉಪ್ಪು ಬರ್ತಾನೇ ಇರುತ್ತೆ. ಹುಡುಗಿ ಹಾಸಿಗೆಗೂ ಬರುತ್ತೆ."

ಶಲಬಿ ಚಹಾ ತರುತ್ತೇನೆಂದು ಹೊರಟವನು ಬಾಗಿಲಲ್ಲೇ ನಿಂತ. ಖಮೀಸ್ ಮೊಣಕಾಲು ತಟ್ಟಿಕೊಂಡು ನಿಧಾನವಾಗಿ ಎದ್ದ.

"ನಲವತ್ತು ವರ್ಷ ದೋಣಿ ಕಟ್ಟಿದೀನಿ. ಒದ್ದೆ ಹಲಗೆಗೆ ಡಾಂಬರು ಬಳಿದು ಮಾರೋದು ನನಗೂ ಬರುತ್ತೆ, ಉಮ್ಮ್ ಶಲಬಿ. ಮಾರಿಲ್ಲ. ಪೀಪಾಯಿ ಹೋಗುತ್ತಾ, ಇಲ್ವಾ?"

ಇನ್ಶಿರಾ ಹಲಗೆಯ ಅಂಚು ಹಿಡಿದು ನಿಂತಳು. ಎಷ್ಟು ಹೊತ್ತು ನಿಂತಳೆಂದರೆ, ನವಾಲ್ ಅಜ್ಜಿಗೆ ತಲೆಸುತ್ತು ಬಂತೇನೋ ಎಂದು ಹತ್ತಿರ ಬಂದಳು.

"ಹಬ್ಬ ಮುಗೀಲಿ," ಎಂದಳು ಕೊನೆಗೆ. "ಹೋಗುತ್ತೆ."

"ಗೋಡೆ ಒಣಗೋವರೆಗೆ ಇವರಿಬ್ಬರು ಎಲ್ಲಿ?"

"ಮೇಲೆ. ಮುಂದಿನ ಕೋಣೆ," ಎಂದಳು ಇನ್ಶಿರಾ, ಸೊಸೆಯ ಕಡೆ ತಿರುಗದೆ. "ಗಾಳಿ ಬೆಳಕು ಇದೆ. ಅಳತೆ ನನ್ನ ಹತ್ರ ಇದೆ."

ಖಮೀಸ್ ಬಹಿಯಾಳನ್ನು ನೋಡಿದ. ಅವಳು ಹೇಳುವುದನ್ನು ಹೇಳಿಯಾಗಿತ್ತು. ಮೇಲೆ ಹೋಗಿ ಎಲ್ಲರೂ ಒಪ್ಪಂದಕ್ಕೆ ಫಾತಿಹಾ ಪ್ರಾರ್ಥನೆ ಓದಿದರು. ಮದುವೆ ಆಗಸ್ಟ್‌ಗೆ ಗೊತ್ತಾಯಿತು.

ಹಬ್ಬಕ್ಕೆ ಮೀನು ಪೂರ್ತಿ ಮಾರಿಹೋಯಿತು. ಮರುವಾರ ಇನ್ಶಿರಾ ಖಾಲಿ ಪೀಪಾಯಿಗಳನ್ನು ಖಮೀಸನ ದೋಣಿಕಟ್ಟೆಯ ಹಿಂದಿನ ತಗಡಿನ ಚಪ್ಪರಕ್ಕೆ ಸಾಗಿಸಿದಳು. ಅಂದಿನಿಂದ ಉಪ್ಪು ಹಾಕಲು ದಿನವೂ ಅಲ್ಲಿಗೆ ನಡೆದೇ ಹೋಗಿಬರುತ್ತಿದ್ದಳು. ಕೆಳಗಿನ ಗೋಡೆಯ ಸಂದುಗಳಲ್ಲಿ ಬೇಸಿಗೆಯುದ್ದಕ್ಕೂ ಉಪ್ಪಿನ ಬಿಳಿ ಹೂ ಅರಳಿತು. ಪ್ರತಿದಿನ ಬೆಳಿಗ್ಗೆ ಅದನ್ನು ಒಣ ಪೊರಕೆಯಿಂದ ಉದುರಿಸುವವಳೂ ಅವಳೇ. ಇಟ್ಟಿಗೆ ಮತ್ತೆ ಉದುರಲಿಲ್ಲ. ಗೋಡೆ ಪೂರ್ತಿ ಒಣಗಿದ್ದು ಮುಂದಿನ ವರ್ಷದ ಮೇ ತಿಂಗಳಲ್ಲಿ. ಮದುವೆಯಿಂದ ಅಲ್ಲಿಯವರೆಗೆ ಸಮಾಹ್ ಮತ್ತು ನವಾಲ್ ಅಡುಗೆಮನೆಯಲ್ಲಿ ಮಲಗಿದರು.